ಪದಚರ್ಚೆ: ಗಣಕದ ‘ಕ್ರ್ಯಾಶ್’, ‘ಹ್ಯಾಂಗ್’ ಮತ್ತು ‘ರ‍್ಯಾಂಡಮ್’ ಪದಗಳಿಗೆ ಕನ್ನಡ ಬಳಕೆ

ಬಲ್ಲವರಿಗೆ ನಮಸ್ಕಾರ. ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದ ಮನೆಯ ಕಂಪ್ಯೂಟರು ಪದೇ ಪದೇ ನಿಂತುಹೋದಾಗ ಕಾರಣ ಹುಡುಕುವುದು ಹೇಗೆ ಎಂಬುದನ್ನು ತಿಳಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಎದುರಾದ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಕ್ರ್ಯಾಶ್’. ಇದಕ್ಕೆ ‘ಕುಸಿತ’ ಎಂದು ಬರೆಯುವ ರೂಢಿ ಇದೆ. ಷೇರುಪೇಟೆಗೆ ಹೊಂದುವ ಈ ಪದ ಇಲ್ಲಿ ಓದುಗನ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ವಿಂಡೋಸ್‌ನಲ್ಲಿ ನೀಲಿ ಪರದೆ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪು ಪರದೆ) ಕಾಣಿಸಿಕೊಂಡಾಗ ವ್ಯವಸ್ಥೆ ಕುಸಿದುಬಿದ್ದಿರುವುದಿಲ್ಲ; ಮುಂದುವರಿದರೆ ಮಾಹಿತಿ ಹಾಳಾಗಬಹುದೆಂದು ಅದು ತಾನೇ ಕೆಲಸ ನಿಲ್ಲಿಸಿ, ನಿಂತ ಕಾರಣದ ಸಂಕೇತವನ್ನು ಪರದೆಯ ಮೇಲೆ ತೋರಿಸಿ, ಸಾಧ್ಯವಾದರೆ ಆ ಕ್ಷಣದ ಮೆಮೊರಿಯ ಪ್ರತಿಯನ್ನು ಡಿಸ್ಕಿನಲ್ಲಿ ಉಳಿಸುತ್ತದೆ. ಲಿನಕ್ಸ್‌ನ ‘ಕರ್ನಲ್ ಪ್ಯಾನಿಕ್’ (ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೂಡ ಇದೇ ಬಗೆಯ ನಿಲುಗಡೆ. ಆದ್ದರಿಂದ ‘ಸ್ವಯಂ ನಿಲುಗಡೆ’ ಎಂಬುದು ವಸ್ತುಸ್ಥಿತಿಗೆ ಹತ್ತಿರವಾದೀತೇ?

ಪದ ಬೇರ್ಪಡಿಸುವ ಅಗತ್ಯವೂ ಇಲ್ಲೇ ಇದೆ, ಏಕೆಂದರೆ ಲಕ್ಷಣ ಬೇರೆಯಾದರೆ ಹುಡುಕಬೇಕಾದ ಜಾಗವೂ ಬೇರೆಯಾಗುತ್ತದೆ. ಪರದೆ ಇದ್ದಂತೆಯೇ ಇದ್ದು ಮೌಸು, ಕೀಲಿಮಣೆ ಯಾವುದಕ್ಕೂ ಪ್ರತಿಕ್ರಿಯೆ ಬರದಿದ್ದರೆ ಅದನ್ನು ಜನ ‘ಹ್ಯಾಂಗ್ ಆಯಿತು’ ಎನ್ನುತ್ತಾರೆ. ಇದಕ್ಕೆ ‘ಸ್ತಬ್ಧವಾಯಿತು’ ಚೆನ್ನಾಗಿ ಒಪ್ಪುತ್ತದೆ. ಆದರೆ ಯಾವ ಸೂಚನೆಯೂ ಇಲ್ಲದೆ ಕಂಪ್ಯೂಟರು ಥಟ್ಟನೆ ಆರಿಹೋದರೆ ಮೊದಲು ನೋಡಬೇಕಾದದ್ದು ವಿದ್ಯುತ್ ಪೂರೈಸುವ ಪವರ್ ಸಪ್ಲೈಯನ್ನು ಮತ್ತು ಪ್ರೊಸೆಸರಿನ ತಾಪವನ್ನು, ಏಕೆಂದರೆ ತಾಪ ಮಿತಿ ಮೀರಿದಾಗ ರಕ್ಷಣೆಗಾಗಿ ಯಂತ್ರವೇ ತನ್ನನ್ನು ಆರಿಸಿಕೊಳ್ಳುತ್ತದೆ. ಹೀಗೆ ಆರಿದ ಮೇಲೆ ಮತ್ತೆ ಹೊತ್ತಿಸಿದಾಗ ವಿಂಡೋಸ್ ತಾನೇ ಬರೆದಿಡುವ ಘಟನೆಗಳ ದಾಖಲೆಯಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಾಣಿಸುತ್ತದೆ. ಹಿಂದಿನ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂಬುದಷ್ಟೇ ಅದರ ಅರ್ಥ. ಅದನ್ನೇ ಕಾರಣವೆಂದು ತಿಳಿದು ಪವರ್ ಸಪ್ಲೈ ಬದಲಾಯಿಸಲು ಹೊರಡುವವರಿದ್ದಾರೆ. ಇಂಥ ಕಡೆ ‘ದೋಷ’ ಎಂದು ಬರೆದರೆ ಆ ಗೊಂದಲವನ್ನು ನಾವೇ ಬೆಳೆಸಿದಂತೆ. ‘ನಮೂದು’ ಎಂದೇ ಬರೆಯಬೇಕೆಂದು ನನ್ನ ಖಚಿತ ನಿಲುವು.

ನನಗೆ ಹೆಚ್ಚು ಕಷ್ಟ ಕೊಟ್ಟದ್ದು ‘ರ‍್ಯಾಂಡಮ್’. ಗಣಿತದಲ್ಲಿ ನೆಲೆಯಾಗಿರುವ ‘ಯಾದೃಚ್ಛಿಕ’ ಇಲ್ಲಿ ಭಾರವಾಗುತ್ತದೆ. ‘ಆಕಸ್ಮಿಕ’ದ ಮೂಲದಲ್ಲಿ ‘ಕಾರಣವಿಲ್ಲದೆ’ ಎಂಬ ಅರ್ಥವಿದೆ. ಕಾರಣ ಇದ್ದೇ ಇದೆ ಎಂಬ ನಂಬಿಕೆಯಿಂದ ಹೊರಡುವ ಕೈಪಿಡಿಗೆ ಅದು ಸಲ್ಲದು. ‘ದಿಢೀರ್’ ವೇಗವನ್ನು ಹೇಳುತ್ತದೆ, ಅನಿಯಮಿತತೆಯನ್ನು ಹೇಳುವುದಿಲ್ಲ. ನಮ್ಮ ಮಾತಿನಲ್ಲಿ ‘ಹೊತ್ತುಗೊತ್ತಿಲ್ಲದೆ’ ಎಂಬ ಸೊಗಸಾದ ಪದ ಇದೆ. ಅದು ಕಾರಣವನ್ನು ಅಲ್ಲಗಳೆಯುವುದಿಲ್ಲ, ಕಾಲ ನಿಗದಿಯಾಗಿಲ್ಲ ಎಂದಷ್ಟೇ ಹೇಳುತ್ತದೆ. ರ‍್ಯಾಮ್ (ಕಂಪ್ಯೂಟರಿನ ಕೆಲಸದ ಮೆಮೊರಿ) ಕೆಟ್ಟಾಗ ಆಗುವುದೂ ಇದೇ: ಕೆಟ್ಟ ಭಾಗವನ್ನು ಯಾವ ಪ್ರೋಗ್ರಾಂ ಯಾವಾಗ ಮುಟ್ಟುತ್ತದೆಂದು ಮುಂದಾಗಿ ಹೇಳಲಾಗದ್ದರಿಂದ ಒಮ್ಮೆ ಬ್ರೌಸರ್ ಮುಚ್ಚಿಕೊಳ್ಳುತ್ತದೆ, ಇನ್ನೊಮ್ಮೆ ನೀಲಿ ಪರದೆ ಬರುತ್ತದೆ, ಪ್ರತಿಸಲವೂ ಸಂಕೇತ ಬೇರೆ. ಅಂಥ ಸಂದರ್ಭದಲ್ಲಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿ, ತಪ್ಪು ಒಂದೇ ಒಂದು ಕಂಡರೂ ಅದನ್ನು ಕಡೆಗಣಿಸದೆ, ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಬೇಕು. ಅದಕ್ಕೂ ಮೊದಲು ಬಯೋಸ್‌ನಲ್ಲಿ (ಕಂಪ್ಯೂಟರು ಹೊತ್ತಿಕೊಳ್ಳುವಾಗ ತೆರೆಯಬಹುದಾದ ಮೂಲ ಹೊಂದಿಕೆಗಳ ಪರದೆಯಲ್ಲಿ) ರ‍್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಯ್ಕೆ ಚಾಲೂ ಇದ್ದರೆ ಅದನ್ನು ನಿಲ್ಲಿಸಿ ನೋಡುವುದು ಒಳ್ಳೆಯದು.

‘ಇನ್‌ಸ್ಟಾಲ್’ಗೆ ‘ಅನುಸ್ಥಾಪನೆ’ ಎಂಬುದು ಈಗಾಗಲೇ ಬಳಕೆಯಲ್ಲಿದೆ. ಆದರೂ ವಾಕ್ಯದೊಳಗೆ ‘ಹಾಕು’ ಎಂಬ ಕ್ರಿಯಾಪದವೇ ಸಾಕೆಂದು ಅದನ್ನೇ ಇಟ್ಟುಕೊಂಡಿದ್ದೇನೆ.

ನನ್ನ ಪ್ರಶ್ನೆ ಇಷ್ಟು. ‘ಹೊತ್ತುಗೊತ್ತಿಲ್ಲದೆ’ ಎಂಬುದರಲ್ಲಿ ಆಕ್ಷೇಪಣೆಯ ಧ್ವನಿಯೂ ಸೇರಿರುತ್ತದೆ: ‘ಹೊತ್ತುಗೊತ್ತಿಲ್ಲದೆ ಬರುತ್ತಾನೆ’ ಎಂದಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಯಂತ್ರದ ವಿಷಯದಲ್ಲಿ ಆ ಧ್ವನಿ ಅಡ್ಡಿಯಾಗುತ್ತದೆಯೇ, ಅಥವಾ ‘ಹೊತ್ತುಗೊತ್ತಿಲ್ಲದ ನಿಲುಗಡೆ’ ಎಂಬುದನ್ನು ಅಧ್ಯಾಯದ ತಲೆಬರಹವಾಗಿ ಇಡಬಹುದೇ? ‘ಅನಿಯತ ನಿಲುಗಡೆ’ಯೇ ಮೇಲೆಂದು ತೋರಿದರೆ ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.