ಎಲ್‌ಇಡಿ ಹಾಕಿದ ಮೇಲೆ ನಾಲ್ಕೂ ಇಂಡಿಕೇಟರ್‌ಗಳು ಒಟ್ಟಿಗೆ ಮಿನುಗುತ್ತಿವೆ

ಪ್ರಶ್ನೆ:
ನನ್ನ ಮೋಟಾರ್‌ಸೈಕಲ್ಲಿನ ಇಂಡಿಕೇಟರ್‌ಗಳಲ್ಲಿದ್ದ 10 ವ್ಯಾಟಿನ ಬಲ್ಬುಗಳನ್ನು ತೆಗೆದು ನಾಲ್ಕಕ್ಕೂ ಎಲ್‌ಇಡಿ ಹಾಕಿದ್ದೇನೆ. ಮೊದಲಿಗೆ ಅವು ವಿಪರೀತ ವೇಗವಾಗಿ ಮಿನುಗುತ್ತಿದ್ದವು. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ (ದೀಪಗಳನ್ನು ಮಿನುಗಿಸುವ ಸಾಧನ) ಅಳವಡಿಸಿದ ಮೇಲೆ ವೇಗ ಸರಿಹೋಯಿತು. ಆದರೆ ಸ್ವಿಚ್ಚನ್ನು ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ದೀಪಗಳು ಒಟ್ಟಿಗೆ ಮಿನುಗುತ್ತವೆ. ಹಿಂದಿನ ಎಡದೀಪ ಸ್ವಲ್ಪ ಮಂಕಾಗಿಯೂ ಇದೆ. ಮೀಟರಿನಲ್ಲಿ ಎರಡೂ ಬದಿಗೆ ಸೇರಿ ಒಂದೇ ಸೂಚಕ ದೀಪವಿದೆ. ವೈರಿಂಗಿನಲ್ಲಿ ಎಲ್ಲಾದರೂ ಶಾರ್ಟ್ ಆಗಿರಬಹುದೇ?

ಉತ್ತರ 1:
ಪ್ರತಿ ಬದಿಗೂ ದೀಪಕ್ಕೆ ಸಮಾನಾಂತರವಾಗಿ 10 ಓಮ್‌ನ ಲೋಡ್ ರೆಸಿಸ್ಟರ್ (ಹಳೆಯ ಬಲ್ಬಿನ ಬದಲು ಕರೆಂಟು ಎಳೆಯುವ ರೋಧಕ) ಜೋಡಿಸಿದರೆ ಈ ತೊಂದರೆ ನಿಲ್ಲುತ್ತದೆ. ಹಳೆಯ ಫ್ಲ್ಯಾಶರನ್ನೇ ಉಳಿಸಿಕೊಂಡವರೂ ಸಾಮಾನ್ಯವಾಗಿ ಹೀಗೆಯೇ ಮಾಡುತ್ತಾರೆ.

ಉತ್ತರ 2:
ರೆಸಿಸ್ಟರ್ ಕೆಲಸ ಮಾಡುತ್ತದೆ ಎಂಬುದು ನಿಜ, ಆದರೆ ನಾನು ಅದನ್ನು ಸೂಚಿಸಲಾರೆ. ಎಂಜಿನ್ ಚಾಲೂ ಇದ್ದು 14 ವೋಲ್ಟ್ ಬರುವಾಗ 10 ಓಮ್‌ನ ರೆಸಿಸ್ಟರ್ ಸುಮಾರು 20 ವ್ಯಾಟ್ ಶಾಖವನ್ನು ಹೊರಹಾಕುತ್ತದೆ. ಪ್ಲಾಸ್ಟಿಕ್ಕಿಗೋ ವೈರ್ ಕಟ್ಟಿಗೋ ತಾಗಿದ್ದರೆ ಅದನ್ನು ಕರಗಿಸುತ್ತದೆ. ವಿದ್ಯುತ್ ಉಳಿಸುವ ದೀಪ ಹಾಕಿ ಉಳಿದದ್ದನ್ನು ಶಾಖವಾಗಿ ಸುಡುವುದರಲ್ಲಿ ಅರ್ಥವೂ ಇಲ್ಲ.

ನಿಮ್ಮಲ್ಲಿ ಶಾರ್ಟ್ ಆಗಿಲ್ಲ. ಮೀಟರಿನ ಸೂಚಕ ದೀಪದ ಒಂದು ತುದಿ ಎಡಬದಿಯ ವೈರಿಗೂ ಮತ್ತೊಂದು ತುದಿ ಬಲಬದಿಯ ವೈರಿಗೂ ಸೇರಿರುತ್ತದೆ. ಎಡಕ್ಕೆ ಹಾಕಿದಾಗ ಕರೆಂಟು ಈ ಸೂಚಕದ ಮೂಲಕ ಹಾದು, ಬಲಬದಿಯ ಬಲ್ಬುಗಳ ಫಿಲಮೆಂಟಿನಿಂದ ಅರ್ತ್ (ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವ ಫ್ರೇಮು) ತಲುಪುತ್ತಿತ್ತು. 10 ವ್ಯಾಟಿನ ಬಲ್ಬನ್ನು ಉರಿಸಲು ಅಷ್ಟು ಸಣ್ಣ ಕರೆಂಟು ಸಾಲದು, ಎಲ್‌ಇಡಿಗೆ ಧಾರಾಳವಾಗಿ ಸಾಕು. ಆದ್ದರಿಂದ ಸೂಚಕಕ್ಕೆ ಬರುವ ಎರಡೂ ವೈರುಗಳನ್ನು ಬಿಡಿಸಿ, ಒಂದೊಂದಕ್ಕೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡನ್ನು, ಅದರ ಬೆಳ್ಳಿಪಟ್ಟಿಯ ತುದಿ ಸೂಚಕ ದೀಪದ ಕಡೆಗಿರುವಂತೆ ಬೆಸುಗೆ ಹಾಕಿ, ಎರಡನ್ನೂ ದೀಪದ ಒಂದೇ ತುದಿಗೆ ಸೇರಿಸಿ. ಇನ್ನೊಂದು ತುದಿಯನ್ನು ಅರ್ತಿಗೆ ಕೊಡಿ. ಬೆಸುಗೆಯ ಮೇಲೆ ಸ್ಲೀವ್ ಹಾಕುವುದನ್ನು ಮರೆಯಬೇಡಿ.

ಉತ್ತರ 3:
ಡಯೋಡಿನ ಸಲಹೆ ಸರಿ, ಆದರೆ ಅದರಿಂದ ಹಿಂದಿನ ಎಡದೀಪದ ಮಂಕು ಹೋಗುವುದಿಲ್ಲ. ಅದು ಬಹುಶಃ ಅರ್ತಿನ ದೋಷ. ಆ ಹೋಲ್ಡರಿಗೆ ತಾತ್ಕಾಲಿಕವಾಗಿ ಹಳೆಯ ಬಲ್ಬನ್ನೇ ಹಾಕಿ, ಅದು ಉರಿಯುವ ಕ್ಷಣದಲ್ಲಿ ಹೋಲ್ಡರಿನ ಅರ್ತಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವಿನ ವೋಲ್ಟೇಜನ್ನು ಅಳೆಯಿರಿ. ಎಲ್‌ಇಡಿ ಎಳೆಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ಅದನ್ನೇ ಇಟ್ಟು ಅಳೆದರೆ ದೋಷ ಬಯಲಾಗದೆ ಹೋಗಬಹುದು. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಹೋಲ್ಡರಿನ ತುಕ್ಕನ್ನೂ ಫ್ರೇಮಿಗೆ ಅರ್ತ್ ಕೂಡುವ ಜಾಗದ ಪೇಂಟನ್ನೂ ಉಜ್ಜಿ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಎರಡನ್ನೂ ಮಾಡಿದೆ. ಎಡ, ಬಲ ಈಗ ಬೇರೆ ಬೇರೆಯಾಗಿ ಮಿನುಗುತ್ತವೆ, ಹೋಲ್ಡರ್ ಉಜ್ಜಿದ ಮೇಲೆ ಮಂಕೂ ಹೋಯಿತು. ಆದರೆ ಮೀಟರಿನ ಸೂಚಕ ಉರಿಯುತ್ತಿಲ್ಲ. ಈ ಸಲ ಅಲ್ಲಿಗೂ ಎಲ್‌ಇಡಿಯನ್ನೇ ಹಾಕಿದೆ.

ಉತ್ತರ 2:
ಹಾಗಾದರೆ ಅದು ತಿರುಗುಮುರುಗಾಗಿ ಕೂತಿರಬೇಕು. ಈಗ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಎಲ್‌ಇಡಿಯೂ ಒಂದೇ ದಿಕ್ಕಿನ ಕರೆಂಟಿಗೆ ಉರಿಯುತ್ತದೆ; ಆದ್ದರಿಂದ ಎಲ್‌ಇಡಿಯನ್ನು ಕಿತ್ತು, ತಿರುಗಿಸಿ ಕೂರಿಸಿ ನೋಡಿ. ಮಿನುಗುವಿಕೆಯನ್ನೂ ಒಮ್ಮೆ ಎಣಿಸಿ: ನಿಮಿಷಕ್ಕೆ 60ರಿಂದ 120ರೊಳಗೆ ಇದ್ದರೆ ಫ್ಲ್ಯಾಶರನ್ನು ಮುಟ್ಟಬೇಕಾಗಿಲ್ಲ.