ಮೊದಲ ಸ್ವಂತ ವೆಬ್‌ಸೈಟಿಗೆ ಕಮ್ಮಿ ಖರ್ಚಿನ ಹೋಸ್ಟಿಂಗ್ ಯಾವ್ದು ತಗೊಳ್ಳೋದು? 69 ರೂಪಾಯಿ ಆಫರ್ ನಂಬಬಹುದಾ?

ಹಾಸನದ_ಮೇಷ್ಟ್ರು

ಎಲ್ರಿಗೂ ನಮಸ್ಕಾರ. ನಾನು ಹಾಸನದ ಕಡೆ ಒಂದು ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು, ಕಂಪ್ಯೂಟರ್ ಅಂದ್ರೆ ಟೈಪ್ ಮಾಡೋದು ಪಿಪಿಟಿ ಮಾಡೋದು ಇಷ್ಟು ಬರುತ್ತೆ. ಪತ್ರಿಕೆಗೆ ಅಂತ ಬರೆದ ವಿಜ್ಞಾನ ಲೇಖನ ಒಂದಷ್ಟಿವೆ, ಎಂಟು ಒಂಬತ್ತು ಹತ್ತನೇ ಕ್ಲಾಸಿನ ನೋಟ್ಸ್ ಪಿಡಿಎಫ್ ಇವೆ, ಮಳೆಗಾಲದಲ್ಲಿ ಸಕಲೇಶಪುರ ಬಿಸಿಲೆ ಕಡೆ ತೆಗ್ದ ಕಪ್ಪೆ ಕೀಟದ ಫೋಟೋಗಳಿವೆ. ಇವನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಿ ಹಾಕಿ ಸಾಕಾಗೋಗಿದೆ, ಹೊಸ ಬ್ಯಾಚ್ ಬಂದಾಗೆಲ್ಲ ಸಾರ್ ಮತ್ತೆ ಕಳ್ಸಿ ಅಂತಾರೆ. ಅದಕ್ಕೆ ನನ್ನ ಹೆಸ್ರಲ್ಲೇ ಒಂದು ವೆಬ್‌ಸೈಟ್ ಮಾಡೋಣ ಅಂತ. ಅದನ್ನ ಇಡೋಕೆ ಬಾಡಿಗೆ ಜಾಗ, ಅಂದ್ರೆ ಹೋಸ್ಟಿಂಗ್, ಹುಡುಕ್ತಿದೀನಿ.

ಬಜೆಟ್ ವರ್ಷಕ್ಕೆ ಎರಡು, ಎರಡೂವರೆ ಸಾವಿರ. ಒಂದು ಕಂಪನಿ ಜಾಹೀರಾತಲ್ಲಿ ತಿಂಗಳಿಗೆ 69 ರೂಪಾಯಿ, ಡೊಮೇನ್ (ಸೈಟಿನ ವಿಳಾಸ) ಫ್ರೀ, ಎಸ್‌ಎಸ್‌ಎಲ್ ಫ್ರೀ, ಎಲ್ಲಾ ಅನ್‌ಲಿಮಿಟೆಡ್ ಅಂತಿತ್ತು, ದುಡ್ಡು ಕಟ್ಟೋ ಪೇಜಿಗೆ ಹೋದ್ರೆ 3,908 ತೋರಿಸ್ತು. ಇದು ಹೆಂಗೆ ಅಂತ ಗೊತ್ತಾಗ್ದೆ ಕ್ಲೋಸ್ ಮಾಡಿ ಇಲ್ಲಿಗೆ ಬಂದೆ. ಯೂಟ್ಯೂಬಲ್ಲಿ ಒಬ್ಬೊಬ್ರು ಒಂದೊಂದನ್ನ ಬೆಸ್ಟ್ ಅಂತಾರೆ. ಸೈಟು ಕಟ್ಟೋ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಬೇಕೇ ಬೇಕಾ? ಡಾಟ್ ಕಾಮ್ ತಗೊಳ್ಳೋದಾ ಡಾಟ್ ಇನ್ ತಗೊಳ್ಳೋದಾ? ಕನ್ನಡ ಅಕ್ಷರದಲ್ಲೇ ವಿಳಾಸ ಸಿಗುತ್ತಂತೆ, ನಿಜಾನಾ? ಮಕ್ಕಳು ನೋಡೋದೆಲ್ಲ ಮೊಬೈಲಲ್ಲೇ, ಕೆಲವು ಹಳ್ಳೀಲಿ ನೆಟ್‌ವರ್ಕ್ ಒಂದೇ ಕಡ್ಡಿ ಬರುತ್ತೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಸರ್ವರ್_ಸುಬ್ಬ

ಸರ್ ಲೆಕ್ಕ ಸುಲಭ ಇದೆ. 69 ಅನ್ನೋ ರೇಟು 48 ತಿಂಗಳದ್ದು ಒಂದೇ ಸಲ ಕಟ್ಟಿದ್ರೆ ಮಾತ್ರ. 69 × 48 = 3,312, ಮೇಲೆ 18% ಜಿಎಸ್‌ಟಿ 596, ಬಂತಲ್ಲ ನಿಮ್ಮ 3,908. ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿ ರಿನ್ಯೂವಲ್ ರೇಟ್, ಅಂದ್ರೆ 48 ತಿಂಗಳಾದ್ಮೇಲೆ ಮುಂದುವರಿಸೋಕೆ ಕಟ್ಟೋ ಬೆಲೆ, ಅಂತ ಒಂದು ಇರುತ್ತೆ, ಅದನ್ನ ನೋಡಿದ್ರಾ? ಅದು ತಿಂಗಳಿಗೆ 349 ಅಂತ ಇಟ್ಕೊಳ್ಳಿ, ಟ್ಯಾಕ್ಸ್ ಸೇರಿ ವರ್ಷಕ್ಕೆ 4,942 ಆಗುತ್ತೆ, ನಿಮ್ಮ ಬಜೆಟ್ಟಿನ ಡಬಲ್. ಅಷ್ಟೊತ್ತಿಗೆ ನಿಮ್ಮ ಲೇಖನ ಎಲ್ಲಾ ಅಲ್ಲೇ ಕೂತಿರುತ್ತೆ, ಬೇರೆ ಕಡೆ ಸಾಗಿಸೋದು ಯಾರಿಗೆ ಬೇಕು ಅಂತ ಜನ ಸುಮ್ನೆ ಕಟ್ಟಿಬಿಡ್ತಾರೆ, ಅವ್ರ ವ್ಯಾಪಾರ ನಿಂತಿರೋದೇ ಅದ್ರ ಮೇಲೆ. ಹಂಗಾಗಿ ಯಾವುದೇ ಕಂಪನಿ ನೋಡಿ, ಮೊದಲ ಬೆಲೆ ಕಡೆ ಕಣ್ಣೇ ಹಾಯಿಸ್ಬೇಡಿ, ರಿನ್ಯೂವಲ್ ಬೆಲೆಗಳನ್ನ ಮಾತ್ರ ಬರ್ಕೊಂಡು ಹೋಲಿಸಿ.

ಅನ್‌ಲಿಮಿಟೆಡ್ ಅನ್ನೋದೂ ಅಷ್ಟೇ. ಜಾಗ ಅನ್‌ಲಿಮಿಟೆಡ್ ಅಂದು ಫೈಲುಗಳ ಎಣಿಕೆಗೆ ಮಿತಿ ಹಾಕಿರ್ತಾರೆ, ಅದಕ್ಕೆ ಐನೋಡ್ ಲಿಮಿಟ್ ಅಂತಾರೆ, ಸಿಪಿಯುಗೂ ಮಿತಿ ಇರುತ್ತೆ, ಅದು ಮೀರಿದ ಗಳಿಗೆಗೆ ಸೈಟು ನಿಧಾನ ಆಗುತ್ತೆ ಇಲ್ಲಾ ಎರರ್ ತೋರಿಸುತ್ತೆ. ಎಸ್‌ಎಸ್‌ಎಲ್ (ಸೈಟಿಗೂ ಓದುಗರಿಗೂ ನಡುವಿನ ಮಾಹಿತಿ ಗುಟ್ಟಾಗಿಡೋ ವ್ಯವಸ್ಥೆ) ಫ್ರೀ ಅಂತ ಹೇಳ್ಕೊಳ್ಳೋದ್ರಲ್ಲಿ ಏನೂ ದೊಡ್ಡಸ್ತಿಕೆ ಇಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ 2015ರಿಂದ ಇಡೀ ಲೋಕಕ್ಕೆ ಫ್ರೀಯಾಗೇ ಕೊಡ್ತಿದೆ. ಇನ್ನು ಯೂಟ್ಯೂಬಿನೋರು, ವಿಡಿಯೋ ಕೆಳಗಿನ ಲಿಂಕ್ ಒತ್ತಿ ನೀವು ತಗೊಂಡ್ರೆ ಅವ್ರಿಗೆ ಕಮಿಷನ್. ಬ್ಲೂಹೋಸ್ಟ್ ಮೇಲಾ ಹೋಸ್ಟ್‌ಗೇಟರ್ ಮೇಲಾ ಬಿಗ್‌ರಾಕ್ ಮೇಲಾ ಅಂತ ಗಂಟೆಗಟ್ಲೆ ಹೋಲಿಸ್ತಾರೆ, ಮೂರರ ಮಾಲೀಕರೂ ನ್ಯೂಫೋಲ್ಡ್ ಡಿಜಿಟಲ್ ಅನ್ನೋ ಒಂದೇ ಕಂಪನಿ. ಬಿಗ್‌ರಾಕ್ ಮೊದ್ಲು ಮುಂಬೈನ ಡೈರೆಕ್ಟಿ ಅವರದ್ದಾಗಿತ್ತು, ಆಮೇಲೆ ಮಾರಿದ್ರು.

ನನ್ನ ಕೇಳಿದ್ರೆ ನಿಮ್ಗೆ ದುಡ್ಡು ಕೊಟ್ಟು ಹೋಸ್ಟಿಂಗ್ ತಗೊಳ್ಳೋ ಅಗತ್ಯಾನೇ ಇಲ್ಲ. ಲೇಖನ, ಫೋಟೋ, ಪಿಡಿಎಫ್, ಇಷ್ಟೇ ತಾನೆ? ಲಾಗಿನ್ ಇಲ್ಲ ಶಾಪಿಂಗ್ ಇಲ್ಲ. ಸ್ಟ್ಯಾಟಿಕ್ ಸೈಟ್, ಅಂದ್ರೆ ಮೊದಲೇ ಸಿದ್ಧ ಮಾಡಿಟ್ಟ ಪುಟಗಳ ಸೈಟು ಮಾಡಿ ಕ್ಲೌಡ್‌ಫ್ಲೇರ್ ಪೇಜಸ್ ಅನ್ನೋ ಫ್ರೀ ಸೇವೆಗೆ ಹಾಕಿ, ಫೋಲ್ಡರನ್ನೇ ಎಳೆದು ಬಿಟ್ರೆ ಅಪ್‌ಲೋಡ್ ಆಗುತ್ತೆ, ಒಂದು ಫೈಲ್ 25 ಎಂಬಿ ಮೀರಬಾರದು ಅಷ್ಟೇ. ಗಿಟ್‌ಹಬ್ ಪೇಜಸ್ ಕೂಡ ಫ್ರೀ, ಅಲ್ಲಿ ಸೈಟು 1 ಜಿಬಿ ಒಳಗಿರಬೇಕು. ಖರ್ಚು ಡೊಮೇನ್ ಒಂದೇ.

ಲಿನಕ್ಸ್_ಲಿಂಗ

ಡಿಜಿಟಲ್‌ಓಶನ್‌ದು ಬೆಂಗಳೂರಲ್ಲೇ ಡೇಟಾ ಸೆಂಟರ್ ಇದೆ ಸರ್, ಸಣ್ಣ ವಿಪಿಎಸ್ (ನಿಮ್ಗೇ ಅಂತ ಬಾಡಿಗೆಗೆ ಸಿಗೋ ಸರ್ವರ್) ತಿಂಗಳಿಗೆ 4ರಿಂದ 6 ಡಾಲರ್, ಉಬುಂಟು ಲಿನಕ್ಸ್ ಹಾಕಿ ನೀವೇ ಎಲ್ಲಾ ಸೆಟಪ್ ಮಾಡ್ಕೊಂಡ್ರೆ ರಾಕೆಟ್ ಸ್ಪೀಡು.

ಸರ್ವರ್_ಸುಬ್ಬ

ಲಿಂಗಣ್ಣ, 4 ಡಾಲರ್ ಅಂದ್ರೂ ವರ್ಷಕ್ಕೆ ನಾಲ್ಕು ಸಾವಿರ ದಾಟುತ್ತೆ, ಅದ್ರ ಮೇಲೆ ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದೋ ಹೊತ್ತಲ್ಲಿ ಸೆಕ್ಯುರಿಟಿ ಅಪ್ಡೇಟ್ ಯಾರಪ್ಪ ಹಾಕೋರು. ಬಿಡು.

ಜೋಳದ_ರೊಟ್ಟಿ

ಸುಬ್ಬಣ್ಣಾರ ನೀವು ಹೇಳಿದ್ದೆಲ್ಲ ಖರೆ ಅದ, ಆದ್ರ ಮಾಸ್ತರು ಪಿಪಿಟಿ ಬರ್ತದ ಅಂದಾರ, ವೆಬ್ ಪುಟ ಬರಿಯೂ ಎಚ್‌ಟಿಎಂಎಲ್ ಕೋಡು ಬರ್ತದ ಅಂದಿಲ್ಲ. ಒಂದು ಲೇಖನದಾಗ ಒಂದು ಅಕ್ಷರ ತಿದ್ದಬೇಕಂದ್ರ ಲ್ಯಾಪ್‌ಟಾಪ್ ತಗದು ಫೋಲ್ಡರ್ ಹುಡುಕಿ ಮತ್ತ ಅಪ್‌ಲೋಡ್ ಮಾಡೂದು, ನಾಕ್ ದಿನ ಮಾಡ್ತಾರ, ಐದನೇ ದಿನ ಬಿಡ್ತಾರ.

ಮಾಸ್ತರ, ನೀವು ಸುಮ್ನ ಗೂಗಲ್‌ನ ಫ್ರೀ ಬ್ಲಾಗ್ ಸೇವೆ ಬ್ಲಾಗರ್ ಮ್ಯಾಲೆ ಮಾಡ್ರಿ. ಹಳೇದು ಅಂತ ನಗೋರು ನಗಲಿ. 2003ರಾಗ ಗೂಗಲ್‌ನವರು ಅದನ್ನ ಕೊಂಡಾರ, ಇವತ್ತಿಗೂ ನಡದದ, 2007-08ರಾಗ ನಮ್ಮ ಮಂದಿ ಬರದ ಎಷ್ಟೋ ಕನ್ನಡ ಬ್ಲಾಗ್ ಈಗ ತಗದ್ರೂ ತಕ್ಕೊಂತಾವ, ಅದರ ಮುಂದ ಆಗ ರೊಕ್ಕ ಕೊಟ್ಟು ಸ್ವಂತ ಹೋಸ್ಟಿಂಗ್ ಮಾಡಿದ ಸೈಟು ಎಷ್ಟು ಉಳದಾವ ನೀವ ಹುಡುಕಿ ನೋಡ್ರಿ. ಮೊಬೈಲಿನಾಗ ಬರೀಬಹುದು, ನಿಮ್ಮ ಸ್ವಂತ ಡೊಮೇನ್ ಅದಕ್ಕ ಜೋಡಿಸಬಹುದು, ಅದಕ್ಕ ಬ್ಲಾಗರ್‌ನವರು ರೊಕ್ಕ ಕೇಳಂಗಿಲ್ಲ, ಎಚ್‌ಟಿಟಿಪಿಎಸ್ (ಅದ ಎಸ್‌ಎಸ್‌ಎಲ್ ಭದ್ರತಿ) ಸೈತ ಫ್ರೀ. ಒಂದು ಕಿರಿಕಿರಿ ಅದ, ಕನ್ನಡ ಶೀರ್ಷಿಕೆ ಕೊಟ್ರ ಅದರ ಲಿಂಕು ಬರೇ ಬ್ಲಾಗ್-ಪೋಸ್ಟ್ ಅಂತ ಆಗ್ತದ, ಮುಂದ ಒಂದು ನಂಬರು, ಯಾವುದು ಯಾವುದಂತ ತಿಳಿಯಂಗಿಲ್ಲ. ಪಬ್ಲಿಶ್ ಮಾಡೂಕಿಂತ ಮೊದಲ ಪರ್ಮಾಲಿಂಕ್ ಅಂತ ಇರ್ತದಲ್ಲ, ಅಲ್ಲೆ ಇಂಗ್ಲಿಷ್ ಅಕ್ಷರದಾಗ ಚಿಕ್ಕದೊಂದು ಹೆಸರು ಬರದುಬಿಡ್ರಿ. ಪಿಡಿಎಫ್ ಮಾತ್ರ ಬ್ಲಾಗರ್ ಇಟ್ಕೊಳಂಗಿಲ್ಲ, ಡ್ರೈವ್‌ನಾಗ ಹಾಕಿ ಲಿಂಕ್ ಇದ್ದವರೆಲ್ಲ ನೋಡೂ ಹಂಗ ಪರ್ಮಿಶನ್ ಕೊಡ್ರಿ.

ಇನ್ನೊಂದು ಮಾತು ರೀ, ಡೊಮೇನಿಗೆ ಆಟೋ ರಿನ್ಯೂ ಹಾಕೀನಿ ಅಂತ ನಿಶ್ಚಿಂತಿ ಇರಬ್ಯಾಡ್ರಿ. 2021 ಅಕ್ಟೋಬರಿನಿಂದ ಆರ್‌ಬಿಐ ನಿಯಮ ಬಿಗಿ ಆದ ಮ್ಯಾಲೆ, ಮೊದಲ ಮ್ಯಾಂಡೇಟ್ (ರೊಕ್ಕ ಕಟ್ ಮಾಡಾಕ ಒಪ್ಪಿಗಿ) ಮಾಡ್ಸಿರಲಿಲ್ಲ ಅಂದ್ರ ಕಾರ್ಡಿನಿಂದ ತಾನ ರೊಕ್ಕ ಕಟ್ ಆಗಂಗಿಲ್ಲ, ಹೊರದೇಶದ ಕಂಪನಿ ಇದ್ರಂತೂ ಫೇಲ್ ಆಗೂದ ಹೆಚ್ಚು. ಅವರು ಈಮೇಲ್ ಕಳಸ್ತಾರ, ಅದು ಪ್ರಮೋಷನ್ಸ್ ಟ್ಯಾಬಿನಾಗ ಬಿದ್ದಿರ್ತದ. ಡಾಟ್ ಕಾಮ್ ಅವಧಿ ಮುಗಿದು ಗ್ರೇಸ್ ಪೀರಿಯಡ್ಡೂ ದಾಟಿತಂದ್ರ ಆಮ್ಯಾಲೆ 30 ದಿನ ರಿಡೆಂಪ್ಷನ್, ಆಗ ವಾಪಸ್ ತಗೋಬೇಕಂದ್ರ ಮೈ ಉರಿಯೂವಷ್ಟು ರೊಕ್ಕ ಕೇಳ್ತಾರ. ಯುಪಿಐ ತಗೊಳ್ಳೂ ಕಡೆ ಮೂರು ವರ್ಷದ್ದು ಒಮ್ಮೆಲೆ ಕಟ್ಟಿ ಗೋಡಿ ಕ್ಯಾಲೆಂಡರ್ ಮ್ಯಾಲೆ ಬರದು ಇಡ್ರಿ.

ಕಡಲತಡಿ

ಬ್ಲಾಗರ್ ಸಾಕು ಅನ್ನುವುದು ಸರಿ, ಆದ್ರೆ ವರ್ಡ್‌ಪ್ರೆಸ್ಸನ್ನು ಅಷ್ಟು ತೆಗೆದುಹಾಕ್ಬೇಡಿ ಮಾರಾಯ್ರೆ. ನಾನು ಶೇರ್ಡ್ ಹೋಸ್ಟಿಂಗಲ್ಲಿ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುದು) ಅಡುಗೆ ಬರಹದ್ದೊಂದು ನಡೆಸ್ತಾ ಇದ್ದೇನೆ, ತರಗತಿ ಪ್ರಕಾರ ಪಾಠ ಪ್ರಕಾರ ವಿಂಗಡಿಸ್ಲಿಕ್ಕೆ ಅದು ಚಂದ, ಪಿಡಿಎಫ್ ಕೂಡ ಅಲ್ಲೇ ಇಡ್ಬಹುದು. ಅದನ್ನೇ ತಗೊಳ್ಳುದಾದ್ರೆ ಒಂದು ವರ್ಷಕ್ಕೆ ಮಾತ್ರ ತಗೊಳ್ಳಿ, ಸರ್ವರ್ ಮುಂಬೈಯಲ್ಲೋ ಬೆಂಗಳೂರಲ್ಲೋ ಉಂಟಾ ಕೇಳಿ, ಬ್ಯಾಕಪ್ ದಿನಾ ತೆಗೀತಾರಾ ವಾರಕ್ಕೊಮ್ಮೆಯಾ, ವಾಪಸ್ ಹಾಕ್ಲಿಕ್ಕೆ ದುಡ್ಡು ಕೇಳ್ತಾರಾ ಅದನ್ನೂ ಕೇಳಿ. ಚಾಟಲ್ಲಿ ಈ ಮೂರು ಪ್ರಶ್ನೆ ಹಾಕಿದ್ರೆ ಎಂತ ಜನ ಅಂತ ಅಂದಾಜಾಗ್ತದೆ, ಪ್ರಶ್ನೆಗೆ ಉತ್ತರ ಕೊಡದೆ ಆಫರ್ ಇವತ್ತೇ ಮುಗೀತದೆ ಅಂತ ಅವಸರ ಮಾಡುವವರಾದ್ರೆ ಅಲ್ಲಿಂದ ಹೊರಡಿ.

ವರ್ಡ್‌ಪ್ರೆಸ್ಸಲ್ಲೂ ಕನ್ನಡ ಲಿಂಕಿನ ತಕರಾರು ಉಂಟು. ಶೀರ್ಷಿಕೆಯನ್ನೇ ಲಿಂಕ್ ಮಾಡ್ತದೆ, ಆದ್ರೆ ಒಳಗೆ ಒಂದೊಂದು ಕನ್ನಡ ಅಕ್ಷರ ಚಿಹ್ನೆಗೂ 9 ಅಕ್ಷರದ ಜಾಗ ಹೋಗ್ತದೆ, ಒಟ್ಟು ಮಿತಿ 200, ಅಂದ್ರೆ ಒತ್ತು ಗುಣಿತ ಎಲ್ಲ ಸೇರಿ 22ಕ್ಕೆ ಕಟ್. ವಾಟ್ಸಾಪಲ್ಲಿ ಕಳಿಸಿದ್ರೆ ಉದ್ದಕ್ಕೆ ಪರ್ಸೆಂಟ್ ಚಿಹ್ನೆಗಳೇ ಕಾಣುದು. ಇಲ್ಲೂ ಇಂಗ್ಲಿಷಲ್ಲಿ ಚಿಕ್ಕದು ಬರೆದ್ರೆ ಆಯ್ತು.

ಎಲ್ಲಕ್ಕಿಂತ ಮುಖ್ಯ, ಡೊಮೇನ್ ನಿಮ್ಮದೇ ಈಮೇಲಲ್ಲಿ, ನಿಮ್ಮದೇ ಅಕೌಂಟಲ್ಲಿ ಇರ್ಬೇಕು, ಹೋಸ್ಟಿಂಗ್ ಜೊತೆ ಕೊಡುವ ಫ್ರೀ ಡೊಮೇನ್ ಬೇಡವೇ ಬೇಡ, ಮೊದಲ ವರ್ಷ ಫ್ರೀ ಆಮೇಲೆ ಅವರು ಹೇಳಿದ್ದೇ ರೇಟು. ನಮ್ಮೂರಿನ ಒಂದು ಸಂಘಕ್ಕೆ ಸೈಟು ಮಾಡಿಕೊಟ್ಟ ಹುಡುಗ ಡೊಮೇನನ್ನು ಅವನ ಈಮೇಲಲ್ಲೇ ಮಾಡಿದ್ದ, ಆಮೇಲೆ ಅವ ಗಲ್ಫಿಗೆ ಹೋದ, ನಂಬರ್ ಬದಲಾಯ್ತು, ಸಂಘದವರು ಆ ಹೆಸರು ಬಿಟ್ಟು ಬೇರೆ ಹೆಸರೇ ತಗೊಳ್ಬೇಕಾಯ್ತು. ಬ್ಯಾನರಲ್ಲಿ, ರಶೀದಿ ಪುಸ್ತಕದಲ್ಲಿ ಎಲ್ಲ ಹಳೇದೇ ಅಚ್ಚಾಗಿತ್ತು.

ಹಾಸನದ_ಮೇಷ್ಟ್ರು

ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಆದ್ರೆ ಫ್ರೀ ಅಂದಾಗ ನನಗೆ ಒಳಗೊಳಗೇ ಭಯ. ನಾಳೆ ಗೂಗಲ್‌ನವರು ಮುಚ್ತೀವಿ ಅಂದ್ರೆ? ಕನ್ನಡ ವಿಳಾಸದ ವಿಷಯ ಯಾರೂ ಹೇಳ್ಲಿಲ್ಲ. ಆಮೇಲೆ ನನ್ನ ಹಳೇ ಲೇಖನ ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋದು, ಕಾಪಿ ಮಾಡಿ ಬ್ಲಾಗರಲ್ಲಿ ಪೇಸ್ಟ್ ಮಾಡಿ ನೋಡಿದೆ, ಏನೇನೋ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರ ಬಂತು. ಇದು ಹೋಸ್ಟಿಂಗ್ ಸಮಸ್ಯೆನಾ?

ಸರ್ವರ್_ಸುಬ್ಬ

ಭಯ ನ್ಯಾಯವಾದ್ದೇ. ಯಾಹೂ 2009ರಲ್ಲಿ ಜಿಯೋಸಿಟೀಸ್ ಅನ್ನೋ ಫ್ರೀ ಸೈಟ್ ಸೇವೆ ಮುಚ್ಚಿದ್ದು, ಗೂಗಲ್ 2013ರಲ್ಲಿ ರೀಡರ್ ಮುಚ್ಚಿದ್ದು, 2019ರಲ್ಲಿ ಪ್ಲಸ್ ಮುಚ್ಚಿದ್ದು, 000ವೆಬ್‌ಹೋಸ್ಟ್ ಅಂತ ಫ್ರೀ ಹೋಸ್ಟಿಂಗ್ ಇತ್ತು ಅದೂ 2024ರಲ್ಲಿ ಹೋಯ್ತು. ಆದ್ರೆ ದುಡ್ಡು ಕೊಟ್ರೆ ಸೇಫು ಅನ್ನೋದೂ ಸುಳ್ಳು, 2021 ಮಾರ್ಚಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಓವಿಎಚ್ ಅನ್ನೋ ದೊಡ್ಡ ಕಂಪನಿ ಡೇಟಾ ಸೆಂಟರಿಗೇ ಬೆಂಕಿ ಬಿತ್ತು, ದುಡ್ಡು ಕಟ್ಟಿದ್ದ ಎಷ್ಟೋ ಜನರ ಬ್ಯಾಕಪ್ ಕೂಡ ಅದ್ರಲ್ಲೇ ಹೋಯ್ತು. ಡೊಮೇನ್ ನಿಮ್ದಾಗಿದ್ದು, ಲೇಖನ ಫೋಟೋಗಳ ಒಂದು ಪ್ರತಿ ನಿಮ್ಮ ಹಾರ್ಡ್‌ಡಿಸ್ಕಲ್ಲಿದ್ರೆ ಯಾರು ಮುಚ್ಚಿದ್ರೂ ಬೇರೆ ಕಡೆ ಹಾಕಿ ಅದೇ ವಿಳಾಸ ಅಲ್ಲಿಗೆ ತಿರುಗಿಸ್ತೀರ, ಮಕ್ಕಳಿಗೆ ಗೊತ್ತೂ ಆಗಲ್ಲ. ಬ್ಲಾಗರ್ ಸೆಟ್ಟಿಂಗ್ಸಲ್ಲಿ ಬ್ಯಾಕಪ್ ಇದೆ, ಅದ್ರಲ್ಲಿ ಬರಹ ಬರುತ್ತೆ, ಫೋಟೋ ಫೈಲು ಬರಲ್ಲ, ಅವನ್ನ ಬೇರೆ ಇಟ್ಕೊಳ್ಳಿ.

ಕನ್ನಡ ವಿಳಾಸ ನಿಜ, ಡಾಟ್ ಭಾರತ ಅನ್ನೋದು ಕನ್ನಡ ಲಿಪೀಲೇ ಸಿಗುತ್ತೆ, ಡಾಟ್ ಇನ್ ನೋಡ್ಕೊಳ್ಳೋ ನಿಕ್ಸಿ ಸಂಸ್ಥೇನೇ ಅದನ್ನೂ ನೋಡ್ಕೊಳ್ಳೋದು. ನೋಡೋಕೆ ಖುಷಿ, ಆದ್ರೆ ಕೆಲವು ಆ್ಯಪಲ್ಲಿ ಶೇರ್ ಮಾಡಿದ್ರೆ ಎಕ್ಸ್‌ಎನ್ ಅಂತ ಶುರುವಾಗೋ ಅರ್ಥವಿಲ್ಲದ ಇಂಗ್ಲಿಷ್ ಸಾಲಾಗಿ ಕಾಣುತ್ತೆ, ಎಷ್ಟೋ ಫಾರಂಗಳು ಅದನ್ನ ತಗೊಳ್ಳೋದೇ ಇಲ್ಲ. ಆಸೆ ಇದ್ರೆ ಎರಡನೇದಾಗಿ ತಗೊಂಡು ಮೊದಲಿನದಕ್ಕೆ ರೀಡೈರೆಕ್ಟ್ ಮಾಡಿ. ಮೊದಲಿನದು ಡಾಟ್ ಇನ್ ಇರ್ಲಿ, ಸಾಮಾನ್ಯವಾಗಿ ಡಾಟ್ ಕಾಮಿಗಿಂತ ರಿನ್ಯೂವಲ್ ಕಮ್ಮಿ ಬೀಳುತ್ತೆ, ನಿಮ್ಮ ಓದುಗರೆಲ್ಲ ಇಲ್ಲೇ ಇರೋರು. 99 ರೂಪಾಯಿಗೆ ಸಿಗೋ ಡಾಟ್ ಆನ್‌ಲೈನ್, ಡಾಟ್ ಎಕ್ಸ್‌ವೈಜೆಡ್ ಇವಕ್ಕೆ ಕೈ ಹಾಕ್ಬೇಡಿ, ಎರಡನೇ ವರ್ಷದ ಬೆಲೆ ನೋಡಿದ್ರೆ ಗೊತ್ತಾಗುತ್ತೆ ಯಾಕೆ ಅಂತ. ಒಂದು ವೇಳೆ ಡಾಟ್ ಕಾಮೇ ತಗೊಂಡ್ರೆ ಈಮೇಲ್ ವೆರಿಫೈ ಮಾಡಿ ಅಂತ ಒಂದು ಮೇಲ್ ಬರುತ್ತೆ, 15 ದಿನದೊಳಗೆ ಕ್ಲಿಕ್ ಮಾಡ್ದಿದ್ರೆ ಸೈಟ್ ನಿಲ್ಲಿಸಿಬಿಡ್ತಾರೆ. ಡೊಮೇನ್ ತಗೊಂಡ ಮೇಲೆ ವೆಬ್‌ಸೈಟ್ ಮಾಡ್ಕೊಡ್ತೀವಿ ಸಾರ್ ಅಂತ ಫೋನುಗಳು ಬರಬಹುದು, ಎತ್ತಿ ಮಾತಾಡ್ಬೇಡಿ.

ಹಳ್ಳಿ ನೆಟ್‌ವರ್ಕಿಗೆ ಹೋಸ್ಟಿಂಗಿಗಿಂತ ಫೋಟೋ ಸೈಜು ಮುಖ್ಯ. ಕ್ಯಾಮೆರಾದಿಂದ ಬಂದ 5 ಎಂಬಿ ಕಪ್ಪೇನ ಹಂಗೇ ಹಾಕ್ಬೇಡಿ, ಅಗಲ 1200 ಪಿಕ್ಸೆಲ್ಲಿಗೆ ಇಳಿಸಿದ್ರೆ 200 ಕೆಬಿ ಆಸುಪಾಸಿಗೆ ಬರುತ್ತೆ. ಚೆಂದದ ಕನ್ನಡ ಫಾಂಟು ಅಂತ ಬೇರೆ ಲೋಡ್ ಮಾಡಿಸೋದೂ ಬೇಡ, ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತೆ.

ಕಡಲತಡಿ

ನುಡಿಯದ್ದು ಹೋಸ್ಟಿಂಗ್ ಸಮಸ್ಯೆ ಅಲ್ಲ ಮೇಷ್ಟ್ರೆ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇರುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವೇ, ಫಾಂಟು ಅದಕ್ಕೆ ಕನ್ನಡದ ರೂಪ ಕೊಡ್ತದೆ ಅಷ್ಟೇ. ಆ ಫಾಂಟ್ ಇಲ್ಲದ ಕಡೆ ಅದರ ನಿಜ ಬಣ್ಣ ಕಾಣ್ತದೆ, ಗೂಗಲಲ್ಲಿ ಹುಡುಕಿದ್ರೂ ಸಿಗುದಿಲ್ಲ. ಎಲ್ಲವನ್ನೂ ಯೂನಿಕೋಡಿಗೆ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಬದಲಾಯಿಸ್ಲೇಬೇಕು, ನುಡಿಯಿಂದ ಯೂನಿಕೋಡ್ ಪರಿವರ್ತಕ ಅಂತ ಹುಡುಕಿ, ಫ್ರೀಯಾಗಿ ಸಿಗ್ತವೆ. ಬದಲಾಯಿಸಿ ಆದ ಮೇಲೆ ಒಮ್ಮೆ ಕೂತು ಓದಿ. ಅರ್ಕಾವತ್ತು ಇರುವ ಪದ ಮುಖ್ಯವಾಗಿ ನೋಡಿ, ಟೈಪ್ ಮಾಡುವಾಗ ಅನುಸ್ವಾರದ ಬದಲು ಸೊನ್ನೆ, ಅರ್ಕಾವತ್ತಿನ ಬದಲು ಒಂಬತ್ತು ಒತ್ತಿದ್ರೆ ಪರಿವರ್ತಕ ಅದನ್ನು ಅಂಕಿ ಅಂತಲೇ ಇಟ್ಕೊಳ್ತದೆ, ಕಣ್ಣಿಗೆ ಸರಿ ಕಂಡ್ರೂ ಹುಡುಕಾಟದಲ್ಲಿ ಸಿಗುದಿಲ್ಲ. ನಡುವೆ ನಡುವೆ ಇಂಗ್ಲಿಷ್ ಪದ, ರಾಸಾಯನಿಕ ಸೂತ್ರ ಇದ್ರೆ ಅವೂ ಕೆಡ್ತವೆ, ಸೈನ್ಸ್ ಲೇಖನ ಅಂದ್ರಲ್ಲ ಅದಕ್ಕೆ ಹೇಳಿದೆ.

ಹಾಸನದ_ಮೇಷ್ಟ್ರು

ಅಯ್ಯೋ ಸೂತ್ರಗಳು ತುಂಬಾನೇ ಇವೆ. ಸರಿ, ಈಗ ಡಾಟ್ ಇನ್ ಮೂರು ವರ್ಷಕ್ಕೆ ತಗೊಳ್ತೀನಿ, ಬ್ಲಾಗರಲ್ಲಿ ಶುರು ಮಾಡ್ತೀನಿ, ವರ್ಡ್‌ಪ್ರೆಸ್ ಬೇಕು ಅನ್ನಿಸಿದ್ರೆ ಆಮೇಲೆ ನೋಡೋದು. 69 ರೂಪಾಯಿ ಕಂಪನಿಯೋರು ಕಾರ್ಟಲ್ಲಿ ಬಿಟ್ಟು ಹೋಗಿದೀರಿ ಅಂತ ಇವತ್ತು ಮತ್ತೆ ಮೇಲ್ ಹಾಕಿದಾರೆ, ಈಗ 59 ಅಂತೆ.

ಜೋಳದ_ರೊಟ್ಟಿ

ನಾಳಿಗೆ 49 ಅಂತಾರ, ಸುಮ್ನ ಇರ್ರಿ. ಡೊಮೇನ್ ಜೋಡಿಸೂವಾಗ ಬ್ಲಾಗರ್‌ನವರು ಎರಡು ಸಿನೇಮ್ ರೆಕಾರ್ಡ್ (ಡೊಮೇನ್ ಸೆಟ್ಟಿಂಗ್ಸಿನಾಗ ಹಾಕೂ ಸಾಲು) ಕೊಡ್ತಾರ, ಎರಡನೇದು ಉದ್ದ ಇರ್ತದ, ಕೈಲೆ ಟೈಪ್ ಮಾಡಬ್ಯಾಡ್ರಿ, ಕಾಪಿ ಪೇಸ್ಟ್ ಮಾಡ್ರಿ. ಹಾಕಿದ ಮ್ಯಾಲೆ ಒಂದು ದಿನ ಕಾಯಬೇಕಾಗಬಹುದು. ಅಲ್ಲೆ ಎಲ್ಲೆರ ಸಿಕ್ಕೊಂಡ್ರ ಸ್ಕ್ರೀನ್‌ಶಾಟ್ ಹಾಕ್ರಿ, ಪಾಸ್‌ವರ್ಡ್ ಕಾಣದಂಗ ನೋಡ್ಕೋರಿ ಮತ್ತ.