ನಾಯಕ ಇನ್ನೂ ದುಧನಿ ದಾಟಿಲ್ಲ

ಶರಣು ಕಾದಂಬರಿ ಬರೆಯುತ್ತಿದ್ದಾನೆ ಅಂತ ಗೊತ್ತಾದಾಗ ನಮಗೆ ಮೊದಲು ಬಂದ ಚಿಂತೆ, ಇವನ ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಅನ್ನೋದು. ಅವನದು ತೊಗರಿ ಬೇಳೆ ವ್ಯಾಪಾರ. ಉದ್ರಿ ಬರೆಯುವ ಪುಸ್ತಕವನ್ನು ತಿರುಗಿಸಿ, ಹಿಂದಿನಿಂದ ಕಾದಂಬರಿ ಶುರು ಮಾಡಿದ್ದ. ಪ್ರೇಮ ಆ ಕಡೆಯಿಂದ, ಬಾಕಿ ಈ ಕಡೆಯಿಂದ. ಎರಡೂ ಎಲ್ಲಿ ಡಿಕ್ಕಿ ಹೊಡೆಯುತ್ತವೋ ಅಂತ ನನಗೆ ಭಯ.

ಸಂಜೆ ನಮ್ಮ ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ನಾವು ಐದು ಜನ ಸೇರುತ್ತೇವೆ. ಮನೆಯಲ್ಲಿ ವಾಕಿಂಗ್ ಅಂತ ಹೇಳಿರುತ್ತೇವೆ. ಅರ್ಧ ಸುತ್ತು ನಡೆದು, ಮಂಡಕ್ಕಿ ಸುಸಲಾ, ಮಿರ್ಚಿ ಕಟ್ಟಿಸಿಕೊಂಡು ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತೇವೆ. ರೈಲ್ವೆಯಲ್ಲಿ ಮೂವತ್ತೈದು ವರ್ಷ ದುಡಿದು ರಿಟೈರ್ ಆದ ಕಾಕಾ, ಹಳೇ ಉರ್ದು ಕಾಗದ ಓದುವುದರಲ್ಲಿ ಎತ್ತಿದ ಕೈ ಆದ ವಕೀಲ್ ಸಾಬ್, ಹೈಸ್ಕೂಲಿನ ಅಕ್ಕೋರು, ಶರಣು, ಆಮೇಲೆ ದುಡ್ಡು ಕೊಡುವ ನಾನು.

ಅವತ್ತು ಶರಣು ಗಂಟಲು ಸರಿ ಮಾಡಿಕೊಂಡು ಓದಿದ.

“1857ರ ಮೇ ತಿಂಗಳು. ಕಲಬುರಗಿ ರೈಲು ನಿಲ್ದಾಣ. ಧೋ ಅಂತ ಮಳೆ. ಹೊಸ ಕಲೆಕ್ಟರ್ ಎಡ್ವರ್ಡ್ ಸಾಹೇಬ ರೈಲಿನಿಂದ ಇಳಿದ. ಬೆಟ್ಟದ ಮಂಜಿನೊಳಗಿಂದ ಒಬ್ಬ ಚೆಲುವೆ ಬಂದು ಮುಗುಳ್ನಕ್ಕು ಅವನಿಗೆ ಬಿಸಿ ಚಹಾ ಕೊಟ್ಟಳು.”

ಕಾಕಾ ಕೈಯಲ್ಲಿದ್ದ ಮಿರ್ಚಿ ಕಾಗದದ ಮೇಲೆ ಇಟ್ಟರು. ಕಾಕಾ ಮಿರ್ಚಿ ಕೆಳಗಿಟ್ಟರೆ ವಿಷಯ ಗಂಭೀರ ಅಂತಲೇ ಅರ್ಥ.

“ಯಾವ ರೈಲಪಾ ಅದು?”

“ಮುಂಬೈ ಗಾಡಿ ಕಾಕಾ.”

“1857ರಲ್ಲಿ? ಸೊಲ್ಲಾಪುರಕ್ಕೇ ಹಳಿ ಬಂದದ್ದು 1860ಕ್ಕೆ! ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ನಿನ್ನ ಸಾಹೇಬ ಯಾವುದರಿಂದ ಇಳಿದ? ಮುಗಿಲಿನಿಂದ ಇಳಿದನಾ?”

“ಇಳಿದ ಅಂತಲೇ ಇಟ್ಟುಕೊಳ್ಳೋಣ,” ಅಂದರು ವಕೀಲ್ ಸಾಬ್. ಕೋರ್ಟಿನಲ್ಲೂ ಅವರು ಹೀಗೇ, ಒಂದು ಹೆಜ್ಜೆ ಬಿಟ್ಟುಕೊಟ್ಟು ಆಮೇಲೆ ಕಾಲು ಎಳೆಯುತ್ತಾರೆ. “ಆದರೆ ಕಲೆಕ್ಟರ್ ಯಾಕೆ ಇಳಿದ? ಇದು ನಿಜಾಮರ ಸೀಮೆ. ಇಲ್ಲಿ ತಾಲೂಕ್‌ದಾರ ಇದ್ದ. ಬ್ರಿಟಿಷ್ ಕಲೆಕ್ಟರ್ ಇಲ್ಲಿ ಬಂದು ಕಂದಾಯ ಕೇಳಿದರೆ, ‘ನೀವು ಯಾರ್ರೀ’ ಅಂತ ಕೇಳಿ ಕೂರಿಸುತ್ತಿದ್ದರು.”

ಶರಣು ನನ್ನ ಕಡೆ ನೋಡಿದ. ನಾನು ಸಹಾಯ ಮಾಡಬೇಕಿತ್ತು. ಆದರೆ ನನಗೂ ಆ ಮಂಜು ನುಂಗಲು ಆಗಿರಲಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಮಂಜು! ನಮ್ಮಲ್ಲಿ ಮೇ ತಿಂಗಳು ಕಣ್ಣ ಮುಂದೆ ಏನಾದರೂ ಬೆಳ್ಳಗೆ ತೇಲಿದರೆ ಅದು ಮಂಜಲ್ಲ, ತಲೆಸುತ್ತು. ತಕ್ಷಣ ನೆರಳಿಗೆ ಕೂತು ಮಜ್ಜಿಗೆ ಕುಡಿಯಬೇಕು.

“ಚಹಾನೂ ಇರಲಿಲ್ಲ,” ಅಂದರು ಅಕ್ಕೋರು ತಣ್ಣಗೆ. “ಮನೆಮನೆಯಲ್ಲಿ ಚಹಾ ಕುಡಿಯೋದು ಶುರುವಾಗಿದ್ದು ಎಷ್ಟೋ ವರ್ಷ ಆದಮೇಲೆ. ಆ ಹುಡುಗಿ ಕೊಟ್ಟರೆ ಅಂಬಲಿ ಕೊಟ್ಟಿರಬೇಕು.”

“ಅಂಬಲಿ ಕೊಟ್ಟರೆ ಪ್ರೇಮ ಹುಟ್ಟುತ್ತದೇನ್ರೀ ಅಕ್ಕೋರೆ?”

“ಮೇ ತಿಂಗಳಲ್ಲಿ ಕೊಟ್ಟು ನೋಡು. ಕಾಲಿಗೆ ಬೀಳುತ್ತಾನೆ.”

ಹೀಗೆ ಐದು ವಾಕ್ಯದ ಕಾದಂಬರಿ ಐದು ನಿಮಿಷದಲ್ಲಿ ಕುಸಿದುಬಿತ್ತು. ಶರಣುವಿನ ತಪ್ಪೂ ಅಲ್ಲ ಬಿಡಿ. ಬ್ರಿಟಿಷರ ಕಾಲದ ಪ್ರೇಮಕಥೆ ಅಂದರೆ ನಮ್ಮ ತಲೆಯಲ್ಲಿ ಒಂದು ಅಚ್ಚು ಕೂತಿದೆ. ಗುಡ್ಡದ ಮೇಲೊಂದು ಬಂಗಲೆ, ಸುತ್ತ ಚಹಾ ತೋಟ, ಬಿಳಿ ಕುದುರೆ, ಜಡಿಮಳೆ, ಬಾಗಿಲಲ್ಲಿ ಕಂದೀಲು ಹಿಡಿದು ನಿಂತ ಹುಡುಗಿ. ಆ ಅಚ್ಚನ್ನು ತಂದು ತೊಗರಿ ಹೊಲದಲ್ಲಿ ನಿಲ್ಲಿಸಿದರೆ ಹೇಗಾಗಬೇಕು?

ಶರಣು ಅಷ್ಟಕ್ಕೆ ಸೋಲಲಿಲ್ಲ. ಎರಡನೇ ಅಧ್ಯಾಯ ತೆಗೆದ. ಅಲ್ಲಿ ಪ್ರೇಮಪತ್ರ. “ನಿನ್ನ ಕಣ್ಣುಗಳು ನನ್ನ ನಿದ್ದೆ ಕದ್ದಿವೆ” ಅಂತ ಸಾಹೇಬ ಬರೆದ, ಹುಡುಗಿ ಓದಿ ಎದೆಗೊತ್ತಿಕೊಂಡಳು.

ವಕೀಲ್ ಸಾಬ್‌ಗೆ ಇದು ಹಬ್ಬದ ಊಟ. “ಯಾವ ಭಾಷೆಯಲ್ಲಿ ಬರೆದ?”

“ಕನ್ನಡ.”

“ಸಾಹೇಬನಿಗೆ ಕನ್ನಡ ಬರುತ್ತಾ?”

“ಕಲಿತ ಅಂತ ಬರೀತೀನಿ.”

“ಮೊದಲನೇ ವಾರದಲ್ಲೇ? ನೋಡು ಶರಣು, ಆಗ ದಫ್ತರದ ಭಾಷೆ ಫಾರ್ಸಿ. ಉರ್ದು ಬಂದದ್ದೇ 1884ರ ಸುಮಾರಿಗೆ. ಸಾಹೇಬ ತನಗೆ ಬರುವ ಹರಕು ಹಿಂದುಸ್ತಾನಿಯಲ್ಲಿ ಮುನ್ಶಿಗೆ ಹೇಳುತ್ತಾನೆ. ಮುನ್ಶಿ ಫಾರ್ಸಿಯಲ್ಲಿ ಬರೆಯುತ್ತಾನೆ. ಅವನು ಸುಮ್ನೆ ಬರೆಯುತ್ತಾನಾ? ಅರ್ಧ ಪುಟ ಸಲಾಮು, ಬಿರುದು, ದುವಾ. ಕೆಳಗೆ ಮೂಲೆಯಲ್ಲಿ ನಿದ್ದೆಯ ವಿಷಯ. ಆ ಕಾಗದ ಹುಡುಗಿಯ ಊರಿಗೆ ಹೋಗುತ್ತದೆ. ಊರಿಗೆಲ್ಲ ಫಾರ್ಸಿ ಓದಲು ಬರುವವನು ಒಬ್ಬ. ಅವನಿಗೂ ಕಣ್ಣು ಮಂದ. ಕಟ್ಟೆ ಮೇಲೆ ಕೂತು, ಹುಡುಗಿಯ ಅಪ್ಪನ ಎದುರಿಗೇ ಓದಿ ಕನ್ನಡದಲ್ಲಿ ಹೇಳುತ್ತಾನೆ: ‘ಸಾಹೇಬರ ಬಂಗಲೆಯಲ್ಲಿ ಏನೋ ಕಳುವಾಗಿದೆಯಂತೆ. ನಿನ್ನ ಮಗಳ ಮೇಲೆ ಸಂಶಯ ಇದೆಯಂತೆ.’”

ಕಾಕಾ ಕೆಮ್ಮುತ್ತಾ ನಕ್ಕರು. ಮಂಡಕ್ಕಿ ಗಂಟಲಲ್ಲಿ ಸಿಕ್ಕಿ ನೀರು ಕುಡಿಸಬೇಕಾಯಿತು. ಅಕ್ಕೋರು ಕಣ್ಣೊರೆಸಿಕೊಂಡರು. ಶರಣು ಮಾತ್ರ ಉದ್ರಿ ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವಮಾನ ಬರೆದುಕೊಂಡನೋ ಐಡಿಯಾ ಬರೆದುಕೊಂಡನೋ ಗೊತ್ತಾಗಲಿಲ್ಲ.

“ಹಾಗಾದರೆ ನಮ್ಮ ಸೀಮೆಯಲ್ಲಿ ಬಿಳಿಯರು ಪ್ರೀತಿನೇ ಮಾಡಲಿಲ್ಲ ಅಂತೀರಾ?” ಅಂತ ಕೇಳಿದ.

“ಮಾಡಿದರು,” ಅಂದರು ವಕೀಲ್ ಸಾಬ್. ದನಿ ಸ್ವಲ್ಪ ಬದಲಾಯಿತು. “ಹೈದರಾಬಾದಿನಲ್ಲಿ ಕರ್ಕ್‌ಪ್ಯಾಟ್ರಿಕ್ ಅಂತ ರೆಸಿಡೆಂಟ್ ಇದ್ದ. ಕಂಪನಿ ಸರಕಾರದ ದೊಡ್ಡ ಮನುಷ್ಯ. ದೊಡ್ಡ ಮನೆತನದ ಖೈರುನ್ನಿಸಾ ಬೇಗಂಳನ್ನು ಮದುವೆಯಾದ. ಅವಳಿಗಾಗಿ ಮುಸಲ್ಮಾನನಾದ, ಮೊಗಲಾಯಿ ಉಡುಪು ಹಾಕಿದ. ಕಂಪನಿಯವರು ವಿಚಾರಣೆ ಇಟ್ಟರು. ಕೋಠಿಯಲ್ಲಿ ದೊಡ್ಡ ರೆಸಿಡೆನ್ಸಿ ಕಟ್ಟಿಸಿದ. ಅವಳು ಗೋಷಾದಲ್ಲಿರುವ ಹೆಂಗಸು, ಮುಂಬಾಗಿಲಿಗೆ ಬಂದು ನೋಡುವ ಹಾಗಿಲ್ಲ. ಅದಕ್ಕೆ ಅದೇ ಕಟ್ಟಡದ ಚಿಕ್ಕ ನಮೂನೆ ಮಾಡಿಸಿ ಜನಾನಾ ತೋಟದಲ್ಲಿ ಇಡಿಸಿದ ಅಂತ ಹೇಳುತ್ತಾರೆ.”

“ಇದನ್ನೇ ಬರೀತೀನಿ!”

“ಕೇಳು ಇನ್ನೂ. 1805ರಲ್ಲಿ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದರು. ಸಣ್ಣ ಕೂಸುಗಳು. ಅದೇ ವರ್ಷ ಅವನು ಕಲ್ಕತ್ತೆಯಲ್ಲಿ ಸತ್ತ. ತಾಯಿ ಆ ಮಕ್ಕಳ ಮುಖ ಮತ್ತೆ ನೋಡಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆರೆಯ ಮೇಲೆ ಗಾಳಿ ಬೀಸಿತು. ಮಿರ್ಚಿಯ ಕಾಗದ ಹಾರಿಹೋಯಿತು, ನಾನು ಎದ್ದು ಹಿಡಿದು ತಂದೆ. ಇಂಥ ಹೊತ್ತಿನಲ್ಲಿ ಎದ್ದು ಓಡುವ ಕೆಲಸ ಯಾವಾಗಲೂ ನನಗೇ.

“ನೋಡಿದೆಯಾ?” ಅಂದರು ಅಕ್ಕೋರು. “ಕೊನೆಗೆ ಕಳೆದುಕೊಳ್ಳೋದು ಹೆಂಗಸೇ. ಕಥೆಯಲ್ಲೂ ಅಷ್ಟೇ. ನಮ್ಮ ಸುರಪುರದ ಟೇಲರ್ ಸಾಹೇಬ ಬರೆದನಲ್ಲ, 1872ರಲ್ಲಿ, ಸೀತಾ ಅಂತ ಕಾದಂಬರಿ. ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ಆ ಕಾಲಕ್ಕೆ ಅದನ್ನು ಬರೆಯಲು ಗುಂಡಿಗೆ ಬೇಕು, ಒಪ್ಪೋಣ. ಆದರೆ ಮುಂದೆ? 1857ರ ದಂಗೆಯಲ್ಲಿ ಅವಳು ಗಂಡನನ್ನು ಉಳಿಸಲು ಹೋಗಿ ಸಾಯುತ್ತಾಳೆ. ಅವನು ಒಬ್ಬ ಇಂಗ್ಲಿಷ್ ಹೆಣ್ಣನ್ನು ಮಾಡಿಕೊಂಡು ಸುಖವಾಗಿರುತ್ತಾನೆ. ಅಲ್ಲಪಾ, ದಾರಿ ಖಾಲಿ ಮಾಡಿಸಲು ಇವಳೇ ಸಾಯಬೇಕಿತ್ತಾ? ಶರಣು, ನಿನ್ನ ಹುಡುಗಿ ಸಾಯುತ್ತಾಳಾ?”

ಶರಣು ಪುಸ್ತಕ ಮುಚ್ಚಿದ.

“ಸಾಯುತ್ತಾಳಾ ಅಂತ ಕೇಳಿದೆ.”

“...ಕೃಷ್ಣಾ ನದಿಗೆ ಹಾರುತ್ತಾಳ್ರೀ.”

“ಅವಳಿಗೆ ಈಜಲು ಬರುತ್ತದೆ ಅಂತ ಬರಿ.”

ಆಮೇಲೆ ಅಕ್ಕೋರು ಪುಸ್ತಕ ಕಸಿದುಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು, ಪರೀಕ್ಷೆಯ ಪೇಪರ್ ನೋಡಿದ ಹಾಗೆ. ಮೂವತ್ತು ಪುಟದಲ್ಲಿ ನಾಯಕಿ ಹದಿನಾಲ್ಕು ಸಲ ಮುಗುಳ್ನಕ್ಕಿದ್ದಳು. ಒಂಬತ್ತು ಸಲ ಅತ್ತಿದ್ದಳು. ಒಂದು ಸಲವೂ ಊಟ ಮಾಡಿರಲಿಲ್ಲ. “ಒಂದು ರೊಟ್ಟಿ ಬಡಿದಿಲ್ಲ, ಒಂದು ರೊಟ್ಟಿ ತಿಂದಿಲ್ಲ. ಗಾಳಿ ಕುಡಿದು ಬದುಕಿದ್ದಾಳೆ. ನದಿಗೆ ಹಾರೋದು ಯಾಕೆ, ನಿಶ್ಶಕ್ತಿಗೇ ಹೋಗುತ್ತಾಳೆ.”

ಇನ್ನೊಂದು ಜಾಗದಲ್ಲಿ ಪ್ರೇಮಿಗಳು ಕಲಬುರಗಿ ಕೋಟೆಯ ದೊಡ್ಡ ತೋಪಿನ, ಅಂದರೆ ಫಿರಂಗಿಯ, ಬಳಿ ಭೇಟಿಯಾಗುತ್ತಾರೆ. ಅವನು ಒಂದು ತುದಿಯಲ್ಲಿ ನಿಂತು ಪಿಸುಗುಟ್ಟುತ್ತಾನೆ, ಅವಳು ಇನ್ನೊಂದು ತುದಿಯಲ್ಲಿ ನಾಚುತ್ತಾಳೆ. ಆ ತೋಪು 29 ಅಡಿ ಉದ್ದ. ಪಿಸುಗುಟ್ಟಿದ್ದು ಅವಳಿಗೆ ಹೇಗೆ ಕೇಳಿಸಿತೋ ಶರಣುವಿಗೇ ಗೊತ್ತು.

ಟೇಲರ್ ಹೆಸರು ಬಂದದ್ದೇ ತಡ, ಮಾತು ಸುರಪುರಕ್ಕೆ ಹೋಯಿತು. ನಮ್ಮ ಕಡೆ ಯಾರೇ ಚರಿತ್ರೆ ಮಾತಾಡಿದರೂ ಅರ್ಧ ತಾಸಿನಲ್ಲಿ ಸುರಪುರ ತಲುಪುತ್ತಾರೆ. ಗುಡ್ಡದ ಮೇಲಿನ ಅವನ ಬಂಗಲೆ, ಟೇಲರ್ ಮಂಜಿಲ್, ನೋಡದವರಿಲ್ಲ. ಫಿಲಿಪ್ ಮೆಡೋಸ್ ಟೇಲರ್ ಕಂಪನಿಯ ನೌಕರನೂ ಅಲ್ಲ, ನಿಜಾಮರ ಸೇವೆಯಲ್ಲಿದ್ದವನು. 1841ರಲ್ಲಿ ಸುರಪುರಕ್ಕೆ ಬಂದ. ಅಲ್ಲಿ ರಾಣಿ ಈಶ್ವರಮ್ಮ. ಅಧಿಕಾರಕ್ಕಾಗಿ ಅವಳಿಗೂ ಅವನಿಗೂ ವರ್ಷಗಟ್ಟಲೆ ತಿಕ್ಕಾಟ. ಅವಳ ಮಗ ಪುಟ್ಟ ವೆಂಕಟಪ್ಪ ನಾಯಕ ಮಾತ್ರ ಟೇಲರನನ್ನು ‘ಅಪ್ಪಾ’ ಅಂತ ಕರೆಯುತ್ತಿದ್ದ. ಆ ಹುಡುಗನನ್ನು ಬೆಳೆಸಿ, ಗದ್ದುಗೆಗೆ ಬಿಟ್ಟು, 1853ರಲ್ಲಿ ಟೇಲರ್ ಹೋದ. ಐದು ವರ್ಷಕ್ಕೆ ಅದೇ ಹುಡುಗ ಬ್ರಿಟಿಷರ ಮೇಲೆ ಕತ್ತಿ ಎತ್ತಿದ. ಸೆರೆ ಸಿಕ್ಕ. ಹೈದರಾಬಾದಿನ ಸೆರೆಮನೆಗೆ ಟೇಲರ್ ನೋಡಲು ಹೋದ. ಮರಣದಂಡನೆ ಆಗಿತ್ತು. ಅದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸ ಅಂತಾಯಿತು. ಆದರೆ 1858ರಲ್ಲಿ ದಾರಿಯಲ್ಲಿ ಕರೆದೊಯ್ಯುವಾಗ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡನೋ, ಬೇರೆ ಏನಾದರೂ ನಡೆಯಿತೋ, ನಮ್ಮ ಬೆಂಚಿನ ಮೇಲೆ ಇವತ್ತಿಗೂ ವಾದ ಇದೆ. ಇವನು 24ನೇ ವರ್ಷ ದಾಟುವುದಿಲ್ಲ ಅಂತ ಜಾತಕದಲ್ಲಿತ್ತು ಎಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

“ಇದನ್ನು ನಾನು ಕಾದಂಬರಿಯಲ್ಲಿ ಬರೆದಿದ್ದರೆ ‘ಬರೀ ಸಿನೆಮಾ’ ಅಂತ ಬೈಯುತ್ತಿದ್ದಿರಿ,” ಅಂದ ಶರಣು.

ನಿಜ. ಬೈಯುತ್ತಿದ್ದೆವು.

“ನನಗೆ ಆ ರಾಣಿ ಬೇಕು,” ಅಂದರು ಅಕ್ಕೋರು. “ಮುಗುಳ್ನಗುವವಳು ಬೇಡ. ಬಂಗಲೆಗೇ ಹೋಗಿ ಸಾಹೇಬನ ಮುಖಕ್ಕೆ ಹೇಳುವವಳು ಬೇಕು.”

ಈಗ ರಿಪೇರಿ ಕೆಲಸ ಶುರುವಾಯಿತು. ಕಾಕಾ ಮುಂದಾಳು. “ಬಂಡಾಯ ಬೇಕೋ ರೈಲು ಬೇಕೋ, ಒಂದು ಹೇಳು. ಎರಡೂ ಒಟ್ಟಿಗೆ ಸಿಗಲ್ಲ.”

“ಎರಡೂ ಬೇಕಿತ್ತು ಕಾಕಾ.”

“ಹಾಗಾದರೆ 1864 ಅಂತ ಹಾಕು. 1863ರಲ್ಲಿ ಬೋರ್ ಘಾಟ್ ಹಳಿ ತೆರೆದಿದೆ. ಮುಂಬೈಯಲ್ಲಿ ಹತ್ತಿದವನು ಘಟ್ಟದಲ್ಲಿ ಇಳಿಯದೆ ಸೊಲ್ಲಾಪುರದ ತನಕ ಬರುತ್ತಾನೆ. ಮುಂದೆ ಹಳಿ ಇಲ್ಲ. ಎತ್ತಿನ ಗಾಡಿ. ಕಲೆಕ್ಟರ್ ಬೇಡ, ರೈಲ್ವೆ ಇಂಜಿನಿಯರ್ ಮಾಡು. ಹಳಿಗೆ ಅಳತೆ ಹಿಡಿಯಲು ಬರುತ್ತಿದ್ದಾನೆ. ರೈಲು ತರುವ ಮನುಷ್ಯ ಎತ್ತಿನ ಗಾಡಿಯಲ್ಲಿ! ಹೆಂಗದೆ?”

ಚೆನ್ನಾಗಿತ್ತು. ಮೂವತ್ತೈದು ವರ್ಷ ಕಾಕಾ ಈ ವಾಕ್ಯಕ್ಕಾಗಿಯೇ ಕಾದಿದ್ದರೇನೋ ಅನ್ನಿಸಿತು.

ಅಕ್ಕೋರು ಹುಡುಗಿಗೆ ಒಬ್ಬ ಅಣ್ಣನನ್ನು ಕೊಟ್ಟರು. ಅವನು ಆರು ವರ್ಷದ ಹಿಂದೆ ಸುರಪುರದ ಹೋರಾಟದಲ್ಲಿ ಸತ್ತವನು. ಅಲ್ಲಿಗೆ ಬಂಡಾಯವೂ ಒಳಗೆ ಬಂತು, ಅವಳು ಸಾಹೇಬನನ್ನು ಕಂಡು ಮುಗುಳ್ನಗದಿರಲು ಕಾರಣವೂ ಸಿಕ್ಕಿತು. ವಕೀಲ್ ಸಾಬ್ ಲೆಕ್ಕಕ್ಕೆ ಇಳಿದರು. ಇಂಜಿನಿಯರ್ ಜೇಬಿನಲ್ಲಿರುವುದು ಬ್ರಿಟಿಷರ ಕಲ್ದಾರ್ ರೂಪಾಯಿ, ಇಲ್ಲಿ ನಡೆಯುವುದು ನಿಜಾಮರ ಹಾಲಿ ಸಿಕ್ಕಾ. ಮೊದಲು ಸಾಹುಕಾರನ ಹತ್ತಿರ ಬದಲಾಯಿಸಬೇಕು, ಅವನು ಮೋಸ ಮಾಡಬೇಕು. “ಹುಡುಗಿಯ ಅಪ್ಪನೇ ಆ ಸಾಹುಕಾರ ಆಗಲಿ,” ಅಂದ ಶರಣು. ವ್ಯಾಪಾರದ ಮಾತು ಬಂದರೆ ಅವನ ತಲೆ ಚುರುಕು.

ಕೊನೆಯ ಅಧ್ಯಾಯವನ್ನೂ ಅವನು ಮೊದಲೇ ಬರೆದಿಟ್ಟಿದ್ದ. ಮೊಮ್ಮಕ್ಕಳು, 1947ರ ಆಗಸ್ಟ್ 15, ಕಲಬುರಗಿ ಕೋಟೆಯ ಮೇಲೆ ತ್ರಿವರ್ಣ ಧ್ವಜ. ವಕೀಲ್ ಸಾಬ್ ತಲೆ ಅಲ್ಲಾಡಿಸಿದರು. “ಇಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17.”

“ಅಂದರೆ ಇನ್ನೂ ಹದಿಮೂರು ತಿಂಗಳು ಈ ವಂಶವನ್ನು ಸಾಕಬೇಕಾ?”

“ನಾವು ಕಾದಿಲ್ಲವಾ? ಅವರೂ ಕಾಯಲಿ.”

ಕತ್ತಲಾಗಿತ್ತು. ಸುಸಲಾ ಐದು ಪ್ಲೇಟು, ಮಿರ್ಚಿ ಹದಿನಾರು. ದುಡ್ಡು ನಾನೇ ಕೊಟ್ಟೆ. ಶರಣು ಅದನ್ನು ಪುಸ್ತಕದ ಈ ಕಡೆಯಿಂದ ಬರೆದುಕೊಂಡ, ಬಾಕಿ ಅಂತ.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಕಾಕಾ ದಿನಾ ರಾತ್ರಿ ಶರಣುವಿಗೆ ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಒಂದೊಂದು ಹನ್ನೊಂದು ನಿಮಿಷ. ರಾಯಚೂರಿನ ಹತ್ತಿರ ಕೃಷ್ಣೆಗೆ ಸೇತುವೆ ಹೇಗೆ ಕಟ್ಟಬೇಕು ಅಂತ ಈಗಲೇ ಹೇಳುತ್ತಿದ್ದಾರೆ. ನಾಯಕ ಇನ್ನೂ ಕಲಬುರಗಿಗೇ ಬಂದಿಲ್ಲ. ಎತ್ತಿನ ಗಾಡಿ ದಿನಕ್ಕೆ ನಾಲ್ಕೈದು ಹರದಾರಿಗಿಂತ ಜಾಸ್ತಿ ಹೋಗುವುದಿಲ್ಲ ಅಂತ ಕಾಕಾ ಹಟ ಹಿಡಿದಿದ್ದಾರೆ. ಅಕ್ಕಲಕೋಟೆಯಲ್ಲಿ ಗಾಡಿಯ ಕೀಲು ಮುರಿಯಿತು. ಅದಕ್ಕೇ ನಲವತ್ತು ಪುಟ ಹಿಡಿಯಿತು.

ನಿನ್ನೆ ಕೆರೆ ದಂಡೆಯಲ್ಲಿ ಕೇಳಿದೆ, “ಎಲ್ಲಿಗೆ ಬಂತೋ?”

“ದುಧನಿ. ಎಡಗಡೆ ಎತ್ತು ಕುಂಟುತ್ತಾ ಇದೆ.”

“ಹುಡುಗಿ?”

ಶರಣು ಓರೆಗಣ್ಣಿನಲ್ಲಿ ಅಕ್ಕೋರನ್ನು ನೋಡಿದ. “ಊಟ ಮಾಡಿದಳು. ಎರಡು ಬಿಸಿ ರೊಟ್ಟಿ, ಪುಂಡಿ ಪಲ್ಲೆ. ಮೇಲೆ ಮಜ್ಜಿಗೆ.”

ಅಕ್ಕೋರು ಪುಸ್ತಕ ಇಸಿದುಕೊಂಡು, ಆ ಪುಟದ ಪಕ್ಕದಲ್ಲಿ ಒಂದು ಸರಿ ಗುರುತು ಹಾಕಿದರು.